ದುರ್ಗವ್ವನ ಸರದಾರ

ಹೊಳೆದಂಡೆಯ ಆಶ್ರಮವೊಂದರಲ್ಲಿ ಶಿವಲಿಂಗವ್ವ ಎಂಬ ಗುರು ಇದ್ದರು. ಕಾದ ಕಬ್ಬಿಣದ ಕಡ್ಡಿಯಿಂದ ಮರದ ಹಲಗೆಯನ್ನು ಸುಟ್ಟು ಪ್ರಾಣಿಗಳ ಮುಖ ಮೂಡಿಸುವುದು ಅವರ ಕಸುಬು. ಅದೇ ಅವರ ಪೂಜೆ ಕೂಡ.

ಕಮ್ಮಾರಿಕೆ ಬಿಟ್ಟು ಬಂದ ಕಲ್ಲೇಶಿ ಆರು ವರ್ಷಗಳಿಂದ ಅವರ ಬಳಿ ಕಲಿಯುತ್ತಿದ್ದ. ಅವನು ಮೂಡಿಸಿದ ಹುಲಿಯನ್ನು ಕಂಡರೆ ದಾರಿಹೋಕರು ಒಂದು ಹೆಜ್ಜೆ ಹಿಂದೆ ಸರಿಯುತ್ತಿದ್ದರು. ಅದು ಅವನಿಗೂ ಗೊತ್ತಿತ್ತು.

ಒಂದು ಬೆಳಿಗ್ಗೆ ಬಟ್ಟೆ ಒಗೆಯುವ ದುರ್ಗವ್ವ ಬಂದಳು. ಮುದುಕಿ. ಹಿಂದೆಯೇ ಅವಳ ಕತ್ತೆ.

"ಕಣ್ಣಿಗೆ ಮಬ್ಬು ಕವೀತಾ ಇದೆ ಕಣಪ್ಪ. ಪೂರ್ತಿ ಕತ್ತಲಾಗೋದ್ರೊಳಗೆ ನಮ್ಮ ಸರದಾರನ ಮುಖ ಮಾಡಿಕೊಡು," ಅಂದಳು.

"ಕತ್ತೆ ತಾನೆ? ಎಂಟು ದಿನ ಬಿಟ್ಟು ಬಾ," ಅಂದ ಕಲ್ಲೇಶಿ. ಸರದಾರನ ಕಡೆ ತಿರುಗಿಯೂ ನೋಡಲಿಲ್ಲ.

ಎಂಟನೆಯ ದಿನ ಅವಳು ಬಂದು ಹಲಗೆಯನ್ನು ತೊಡೆಯ ಮೇಲಿಟ್ಟುಕೊಂಡಳು. ಸುಟ್ಟ ಗೆರೆಗಳ ಮೇಲೆ ಮೆಲ್ಲಗೆ ಬೆರಳಾಡಿಸಿದಳು.

"ಚೆನ್ನಾಗಿದೆ," ಅಂದಳು. "ಯಾರ ಕುದುರೆ ಇದು?"

ಕಲ್ಲೇಶಿಯ ಮುಖ ಕೆಂಪಾಯಿತು. ಅವಳು ಹೋದ ಮೇಲೆ ಗುರುಗಳ ಬಳಿ ಗೊಣಗಿದ.

"ಅವಳಿಗೆ ಕಣ್ಣೇ ಕಾಣಲ್ಲ ಅವ್ವಾ. ಅವಳಿಗೇನು ತಿಳಿಯುತ್ತೆ?"

ಶಿವಲಿಂಗವ್ವ ಎದ್ದು ಬಂದರು. ಅವನ ಹೆಗಲ ಮೇಲಿನ ಟವೆಲ್ ತೆಗೆದು ಅವನ ಕಣ್ಣಿಗೇ ಕಟ್ಟಿದರು. ಕೈ ಹಿಡಿದು ಹೊಳೆಗೆ ಕರೆದೊಯ್ದರು. ಅಲ್ಲಿ ಬೆಚ್ಚಗಿನದೊಂದರ ಮೇಲೆ ಅವನ ಕೈ ಇಟ್ಟರು.

"ನೋಡು," ಅಂದರು.

"ಕಣ್ಣು ಕಟ್ಟಿದ್ದೀರಲ್ಲ ಅವ್ವಾ!"

"ಅದಕ್ಕೇ."

ಕಲ್ಲೇಶಿ ತಡವಿದ. ಒಂದು ಕಿವಿಯ ತುದಿ ಸೀಳಿತ್ತು. ಹಣೆಯ ಕೂದಲು ಒಣಹುಲ್ಲಿನ ಹಾಗೆ ಒರಟು. ತುಟಿ ಮಾತ್ರ, ಎಷ್ಟೋ ಸಲ ಒಗೆದ ಹಳೇ ಸೀರೆಯಷ್ಟು ಮೆತ್ತಗೆ. ಆ ತುಟಿ ಅವನ ಕೆನ್ನೆ ಮೂಸಿತು, ಕಿವಿ ಮೂಸಿತು. ಆಮೇಲೆ ಟವೆಲಿನ ತುದಿ ಕಚ್ಚಿ ಒಂದೇ ಎಳೆತಕ್ಕೆ ಕಟ್ಟು ಬಿಚ್ಚಿ ಹಾಕಿತು.

ಟವೆಲ್ ಜಗಿಯುತ್ತ ನಿಂತ ಕತ್ತೆಯನ್ನು ಕಂಡು ಕಲ್ಲೇಶಿಗೆ ನಗು ತಡೆಯಲಾಗಲಿಲ್ಲ. ಮರಳಿನ ಮೇಲೆ ಕೂತು ನಕ್ಕ. ಮತ್ತೆ ಎದ್ದು ಬಂದು, ಈ ಸಲ ತಾನಾಗಿಯೇ ಕಣ್ಣು ಮುಚ್ಚಿಕೊಂಡು ಕೈ ಚಾಚಿದ.

ಶಿವಲಿಂಗವ್ವ ಸದ್ದಿಲ್ಲದೆ ಆಶ್ರಮಕ್ಕೆ ಮರಳಿದರು.

ಕಲ್ಲೇಶಿ ಹೊಸ ಹಲಗೆ ತೆಗೆದುಕೊಂಡ. ಕಿವಿಯ ಸೀಳಿಗೆ ಕಡ್ಡಿಯನ್ನು ಕೆಂಪಗೆ ಕಾಯಿಸಿ ಆಳಕ್ಕೆ ಇಳಿಸಿದ. ತುಟಿಯ ಹತ್ತಿರ ಬಂದಾಗ ಕಡ್ಡಿ ಆರಲು ಬಿಟ್ಟು, ಉಸಿರು ಹಿಡಿದು, ಬರೀ ಸೋಕಿಸಿದ. ಗಳಿಗೆಗೊಮ್ಮೆ ಕಣ್ಣು ಮುಚ್ಚಿ ಬೆರಳಾಡಿಸಿದ. ನಡುನಡುವೆ ಒಬ್ಬನೇ ನಗುತ್ತಿದ್ದ.

ಹಲಗೆ ಮುಗಿದಾಗ ದುರ್ಗವ್ವನಿಗೆ ಹೇಳಿಕಳಿಸಿದ.

ಅವಳ ಬೆರಳು ಹಣೆಯಿಂದ ಹೊರಟು, ಕಿವಿ ಹತ್ತಿ, ತುದಿಯ ಸೀಳಿನಲ್ಲಿ ನಿಂತಿತು.

"ಅಯ್ಯೋ ಕಳ್ಳಾ!" ಎಂದು ಕೂಗಿದಳು. "ಕಬ್ಬಿನ ಆಸೆಗೆ ಮುಳ್ಳುಬೇಲಿ ನುಗ್ಗಿ ಹರಕೊಂಡಿದ್ದಲ್ವೇನೋ ಇದು! ಇಲ್ಲಿಗೂ ಬಂದೆಯಾ?"

ತನ್ನನ್ನೇ ಕರೆದಳೆಂದು ಅಂಗಳದಲ್ಲಿದ್ದ ಸರದಾರ ಗಂಟಲು ಬಿಚ್ಚಿ ಅರಚಿತು. ದುರ್ಗವ್ವ ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. ಕಲ್ಲೇಶಿಯೂ ನಕ್ಕ.

"ಇನ್ನು ಕತ್ತಲಾದರೆ ಆಗಲಿ ಬಿಡು," ಅಂದಳು. ಹಲಗೆಯನ್ನು ಸೆರಗಿನಲ್ಲಿ ಸುತ್ತಿಕೊಂಡು, ಕತ್ತೆಯನ್ನು ಬೈಯುತ್ತಲೇ ಹೊರಟಳು.

ಅವರಿಬ್ಬರೂ ಮರೆಯಾಗುವವರೆಗೆ ಕಲ್ಲೇಶಿ ನೋಡುತ್ತ ನಿಂತ. ಆಮೇಲೆ ಗುರುಗಳ ಕಡೆ ತಿರುಗಿದ.

"ಅವ್ವಾ, ಈಗ ನನಗೆ ಕತ್ತೆ ಮಾಡೋದು ಬಂತು ಅನ್ನಬಹುದಾ?"

"ಈ ಕತ್ತೆ ಬಂತು," ಅಂದರು ಶಿವಲಿಂಗವ್ವ. "ಮುಂದಿನದರ ಹತ್ತಿರ ಬರಿಗೈಲಿ ಹೋಗು."