ಕೌದಿಗುಡ್ಡದ ಹೊದಿಸದ ಬಾರಿಗಿಡ

ಬೀದರಿನಿಂದ ಉತ್ತರಕ್ಕೆ, ಮಾಂಜ್ರಾ ನದಿಯ ಕಡೆಗೆ ಇಳಿಯುವ ದಾರಿಯಲ್ಲಿ ಹುಲಸಗೇರಿ ಎಂಬ ಸಣ್ಣ ಊರಿದೆ. ಊರಿನ ಬೆನ್ನಿಗೆ ಆತುಕೊಂಡಂತೆ ನಿಂತಿರುವ ಕೆಂಪು ಕಲ್ಲಿನ ಗುಡ್ಡಕ್ಕೆ ಕೌದಿಗುಡ್ಡ ಎಂದು ಹೆಸರು. ಎತ್ತರವೇನೂ ಇಲ್ಲ, ಮಾತಾಡುತ್ತಲೇ ಹತ್ತಿಬಿಡಬಹುದು. ನಾಡಿನ ಈ ಉತ್ತರದ ತುದಿಯಲ್ಲಿ ಚಳಿ ಜೋರು. ಪುಷ್ಯ ಮಾಸದ ಬೆಳಗ್ಗೆ ಗುಡ್ಡದ ನೆತ್ತಿಯಲ್ಲಿ ನಿಂತರೆ ಕಿವಿ ಮೊದಲು ಮರಗಟ್ಟುತ್ತದೆ, ಆಮೇಲೆ ಮಾತು. ಗುಡ್ಡದ ಮೈತುಂಬ ಬಾರಿಯ ಪೊದೆಗಳು. ದಕ್ಷಿಣದವರು ಎಲಚಿ ಎನ್ನುವ ಹಣ್ಣೇ ಇಲ್ಲಿಯವರ ಬಾಯಲ್ಲಿ ಬಾರಿಹಣ್ಣು. ಬಿಸಿಲಿರುವ ಕಡೆ ಹಣ್ಣು ಕೆಂಪಾಗಿದ್ದರೆ, ಬಂಡೆಯ ನೆರಳಿನಲ್ಲಿ ಇನ್ನೂ ಹಸಿರು, ನಡುವೆ ಅಲ್ಲಲ್ಲಿ ಹಳದಿ. ದೂರದಿಂದ ನೋಡಿದರೆ ಹಳೆಯ ಸೀರೆಗಳ ತುಂಡು ಕೂಡಿಸಿ ಹೊಲಿದ ಕೌದಿಯಂತೆಯೇ ಕಾಣುತ್ತದೆ. ಹೆಸರು ಬಂದದ್ದು ಅದರಿಂದಲೇ ಎಂದು ಹೊರಗಿನಿಂದ ಬಂದವರು ತಾವೇ ತೀರ್ಮಾನಿಸಿಕೊಳ್ಳುತ್ತಾರೆ. ಊರಿನ ಹಿರಿಯರಾದ ಘಾಳೆಪ್ಪ ಮುತ್ಯಾ ಅದನ್ನು ಕೇಳಿಸಿಕೊಂಡು ತಲೆಯಾಡಿಸುತ್ತಾರೆ. "ಕಂಡದ್ದು ಖರೆ ಅದ, ತಿಳಿದದ್ದು ಖರೆ ಇಲ್ಲ," ಎಂದು ಕಲ್ಲಿನ ಮೇಲೆ ಜಾಗ ಮಾಡಿ ಕೂರಿಸುತ್ತಾರೆ.

ಹಿಂದೆ ಒಮ್ಮೆ, ಗುಡ್ಡಕ್ಕೆ ಇನ್ನೂ ಯಾವ ಹೆಸರೂ ಇಲ್ಲದ ಕಾಲದಲ್ಲಿ, ಊರಿನಲ್ಲಿ ರಾಚಮ್ಮ ಎಂಬ ಕೌದಿ ಹೊಲಿಯುವ ಹೆಂಗಸು ಇದ್ದಳಂತೆ. ಅವಳ ಕೈಯ ಕೌದಿ ಇಲ್ಲದ ಮನೆಯೇ ಇರಲಿಲ್ಲ. ಕೂಸು ಹುಟ್ಟಿದರೆ ಕೌದಿ, ಮದುವೆಯಾದರೆ ಕೌದಿ, ಎತ್ತಿಗೆ ಜ್ವರ ಬಂದರೂ ಅವಳು ಕೌದಿಯನ್ನೇ ಹೊದಿಸುವವಳು. ಅವಳ ಸೊಸೆ ಪುತಳಿಗೆ ಹುಟ್ಟಿದ ಮೊದಲೆರಡು ಕೂಸುಗಳು ವರ್ಷ ತುಂಬುವ ಮೊದಲೇ ತೀರಿಕೊಂಡಿದ್ದವು. ಮೂರನೆಯದು ಹೊಟ್ಟೆಯಲ್ಲಿದ್ದಾಗ ರಾಚಮ್ಮ ಗುಡ್ಡದ ನೆತ್ತಿಯಲ್ಲಿರುವ ಬಾರಿಯವ್ವನ ಕಲ್ಲಿಗೆ ಹರಕೆ ಹೊತ್ತಳು: ಈ ಕೂಸು ದಕ್ಕಲಿ, ಸಂಕ್ರಾಂತಿಗೆ ನಿನ್ನ ಸುತ್ತಿನ ಗಿಡಗಳ ಹಣ್ಣನ್ನೇ ಅದರ ತಲೆಗೆ ಸುರಿಯುತ್ತೇನೆ. ಎಳೆಮಕ್ಕಳ ತಲೆಗೆ ಸಂಕ್ರಾಂತಿಯಲ್ಲಿ ಬಾರಿಹಣ್ಣು ಸುರಿಯುವುದು ಈ ಕಡೆ ಇಂದಿಗೂ ಇರುವ ಪದ್ಧತಿ. ಆದರೆ ಸುರಿಯುವುದು ಹಣ್ಣೇ ಆಗಿರಬೇಕು. ಕಾಯಿ ಸುರಿದರೆ ಕೂಸಿನ ಬದುಕೂ ಮಾಗದೆ ಕಾಯಿಯಲ್ಲೇ ಉದುರುತ್ತದೆ ಎಂದು ನಂಬುತ್ತಿದ್ದರು.

ಗಂಡು ಕೂಸು ಹುಟ್ಟಿತು. ಅದೇ ವರ್ಷ ಮಳೆ ಬೇಗ ಹಿಂದೆಗೆದು ಚಳಿ ಬೇಗ ಇಳಿಯಿತು. ದೀಪಾವಳಿ ಕಳೆದದ್ದೇ ತಡ, ಬಾವಿಯ ನೀರು ಬೆಳಗ್ಗೆ ಹೊಗೆಯಾಡತೊಡಗಿತು. ಒಂದು ಮುಂಜಾವು ಜೋಳದ ಎಲೆಗಳ ಮೇಲೆಲ್ಲ ಉಪ್ಪು ಚೆಲ್ಲಿದಂತೆ ಹಿಮ ಕೂತಿತ್ತು. ಬಿಸಿಲೇರಿದ ಮೇಲೆ ನೋಡಿದರೆ ತಗ್ಗಿನ ಹೊಲದ ಅವರೆ ಹೂವೆಲ್ಲ ಕಪ್ಪಾಗಿತ್ತು. ರಾಚಮ್ಮ ಆ ಕಪ್ಪು ಹೂವನ್ನು ಕೈಯಲ್ಲಿ ಹಿಡಿದು ಗುಡ್ಡದ ಕಡೆ ನೋಡಿದಳು. ಬಾರಿ ಆಗ ತಾನೇ ಕಾಯಿ ಕಟ್ಟಿತ್ತು. ಅವಳಿಗೆ ಹೊಳೆದದ್ದು ಅವಳಿಗೆ ಮಾತ್ರ ಹೊಳೆಯಬಹುದಾದ ಉಪಾಯ. ಮನೆಮನೆಗೆ ಹೋಗಿ, ತಾನು ಹೊಲಿದ ಕೌದಿಗಳನ್ನೆಲ್ಲ ಸಂಕ್ರಾಂತಿಯ ತನಕ ಕಡ ಕೇಳಿದಳು. ಬಾರಿಯವ್ವನ ಸುತ್ತಿನ ಗಿಡಗಳಿಗೆ ಹೊದಿಸಲಿಕ್ಕೆ.

ಊರು ನಕ್ಕಿತು ಎನ್ನುತ್ತಾರೆ. "ಗುಡ್ಡಕ್ಕ ಕೌದಿ ಹೊದಸಿ ನಾವೇನು ಬಾರಿ ಎಲಿ ಹೊದ್ಕೊಳ್ಳೋಣೇನ್, ರಾಚಕ್ಕ?" ಎಂದು ಗೌಡರ ಮನೆಯ ಹೆಂಗಸೊಬ್ಬಳು ಕೇಳಿದಳಂತೆ.

"ನೀವು ಒಲಿ ಮುಂದ ಕೂಡ್ರಿ. ಗಿಡ ಒಲಿ ಹಚ್ಕೋತದೇನು?" ಎಂದಳು ರಾಚಮ್ಮ.

ನಕ್ಕವರೇ ಕೊನೆಗೆ ಕೊಟ್ಟರು. ಎರಡು ಕೂಸು ಮಣ್ಣು ಮಾಡಿದ ಮನೆಯ ಮಾತಿಗೆ ಇಲ್ಲ ಎನ್ನುವುದು ಹೇಗೆ? ಚಳಿಗಾಲ ಪೂರ್ತಿ ಊರಿನವರು ಕಂಬಳಿಯೊಳಗೆ ಇಬ್ಬರಿಬ್ಬರಾಗಿ, ಗೋಣಿಚೀಲದೊಳಗೆ ಕಾಲು ತೂರಿಸಿ ಮಲಗಿದರು. ರಾಚಮ್ಮ ಒಂದೊಂದೇ ಪೊದೆಗೆ ಕೌದಿ ಹೊದಿಸಿ, ಅಂಚಿಗೆ ಕಲ್ಲು ಹೇರಿ, ಕೂಸನ್ನು ಮಲಗಿಸುವಂತೆ ಮೇಲೆ ಮೆಲ್ಲಗೆ ತಟ್ಟಿ ಬಂದಳು. ಬಾರಿಯ ಮುಳ್ಳು ಬಟ್ಟೆಯನ್ನು ಹಿಡಿದರೆ ಬಿಡುವುದಿಲ್ಲ. ದಿನವೂ ತೆಗೆದು ಹೊದಿಸಿದರೆ ಪರರ ಕೌದಿ ಚಿಂದಿಯಾಗುತ್ತದೆಂದು ಹಗಲಿನಲ್ಲೂ ಅವನ್ನು ಹಾಗೇ ಬಿಟ್ಟಳು. ಎಲ್ಲ ಮುಗಿದಾಗ ಒಂದು ಗಿಡ ಉಳಿಯಿತು, ನೆತ್ತಿಯ ಅಂಚಿನದು, ಬಡಗಣ ಗಾಳಿ ಮೊದಲು ಬಂದು ಬಡಿಯುವುದೇ ಅದಕ್ಕೆ. ಊರಿನಲ್ಲಿ ಉಳಿದಿದ್ದ ಕೌದಿಯೂ ಒಂದೇ. ಅದು ತೊಟ್ಟಿಲಿನಲ್ಲಿತ್ತು.

ರಾಚಮ್ಮ ಮನೆಗೆ ಬಂದು ತೊಟ್ಟಿಲಿಗೆ ಕೈಹಾಕಿದಾಗ ಪುತಳಿ ಕೌದಿಯ ಇನ್ನೊಂದು ಅಂಚು ಹಿಡಿದಳು. ಮದುವೆಯಾಗಿ ಬಂದಂದಿನಿಂದ ಅತ್ತೆಗೆ ಎದುರಾಡದವಳು.

"ಇದೊಂದು ಬಿಡ್ರಿ, ಅತ್ತಿ."

"ಖರೆ ಗಾಳಿ ಹೊಡಿಯೋದು ಆ ಗಿಡಕ್ಕಽ. ಹಣ್ಣಾಗಲಿಲ್ಲಂದ್ರ ಈ ಕೂಸಿನ ಗತಿ ಏನು, ಹೇಳು."

"ಕೂಸಽ ಇಲ್ಲಂದ್ರ ಹಣ್ಣು ಯಾರ ತಲಿಗಿ ಸುರೀತೀರಿ?"

ಅತ್ತೆ ಬಹಳ ಹೊತ್ತು ಅಂಚು ಬಿಡಲಿಲ್ಲ. ಸೊಸೆಯೂ ಬಿಡಲಿಲ್ಲ. ನಡುವೆ ಕೂಸು ಸೀನಿತು. ಆಗ ರಾಚಮ್ಮ ಕೈ ತೆಗೆದಳು. ಅಂದಿನಿಂದ ಅತ್ತೆ ಸೊಸೆಯ ನಡುವೆ ಮಾತು ನಿಂತಿತು. ರಾಚಮ್ಮ ಪ್ರತಿದಿನ ಕತ್ತಲು ಹರಿಯುವ ಮೊದಲೇ ಗುಡ್ಡ ಹತ್ತುವಳು, ಬರಿಮೈಯಲ್ಲಿ ನಡುಗುವ ಆ ಗಿಡದ ಮುಂದೆ ತಲೆಯೆತ್ತದೆ ನಿಂತು, "ನಿನ್ನ ಪಾಲಿಂದು ಮನ್ಯಾಗ ಅದ, ತಪ್ಪು ತಿಳೀಬ್ಯಾಡ," ಎಂದು ಹೇಳಿ ಇಳಿಯುವಳು.

ಸಂಕ್ರಾಂತಿಯ ಬೆಳಗ್ಗೆ ಊರಿಗೆ ಊರೇ ಗುಡ್ಡ ಹತ್ತಿತು. ರಾಚಮ್ಮ ಮೊದಲ ಕೌದಿ ಎತ್ತಿದಳು. ಒಳಗೆ ಎಲೆಗಳು ಬಿಳಿಚಿದ್ದವು. ಇಬ್ಬನಿ ಕುಡಿದು ಒಣಗದ ಬಟ್ಟೆಯ ಕೆಳಗೆ ಕಾಯಿಗಳಿಗೆ ಬೂಸು ಹಿಡಿದಿತ್ತು. ಅರ್ಧ ನೆಲಕ್ಕೆ ಉದುರಿದ್ದವು, ಉಳಿದವು ಕಲ್ಲಿನಷ್ಟು ಗಟ್ಟಿ, ಹಸಿರು. ಎರಡನೆಯದರ ಕೆಳಗೂ ಹಾಗೆಯೇ, ಆಮೇಲಿನದರ ಕೆಳಗೂ ಹಾಗೆಯೇ. ಪುತಳಿ ಕೂಸನ್ನು ಕೌದಿಯಲ್ಲಿ ಸುತ್ತಿಕೊಂಡು, ಅಳು ನುಂಗಲೆಂದೋ ಏನೋ, ಜನರಿಂದ ದೂರ ಅಂಚಿನ ಕಡೆಗೆ ನಡೆದಳು. ಅಲ್ಲಿಂದ ಅವಳ ದನಿ ಕೇಳಿಸಿತು: "ಅತ್ತಿ, ಇಲ್ಲಿ ಬರ್ರಿ."

ಹೊದಿಸದ ಗಿಡ ಕೆಂಪಗಾಗಿತ್ತು. ಇರುಳೆಲ್ಲ ಚಳಿ ತಿಂದು, ಹಗಲೆಲ್ಲ ಬಿಸಿಲು ಕಾಯಿಸಿಕೊಂಡು ಅದರ ಹಣ್ಣುಗಳು ಮಾಗಿ, ಸಿಪ್ಪೆ ತುಸು ಸುಕ್ಕುಗಟ್ಟಿದ್ದವು. ರಾಚಮ್ಮ ಒಂದು ಹಣ್ಣು ಬಾಯಿಗೆ ಹಾಕಿಕೊಂಡಳು. ಅಂಥ ಸಿಹಿ ಬಾರಿ ಆ ಊರಿನಲ್ಲಿ ಅದುವರೆಗೆ ಯಾರೂ ತಿಂದಿರಲಿಲ್ಲ ಎನ್ನುತ್ತಾರೆ. ಅವಳು ಇನ್ನೊಂದು ಹಣ್ಣು ಕಿತ್ತು, ಕೂಸಿಗಿಂತ ಮೊದಲು ಸೊಸೆಯ ಬಾಯಿಗೆ ಇಟ್ಟಳು. ಆಮೇಲೆ ಸೆರಗು ತುಂಬ ಕಿತ್ತು ಮೊಮ್ಮಗನ ತಲೆಗೆ ಸುರಿದಳು. ಅವನು ಬದುಕಿದ, ಬದುಕಿ ಹಲ್ಲಿಲ್ಲದ ಮುದುಕನಾಗುವ ತನಕ ಪ್ರತಿ ಸಂಕ್ರಾಂತಿಗೂ ಆ ಗಿಡದ ಹಣ್ಣನ್ನು ಚೀಪಿದ.

ಒದ್ದೆ ಕೌದಿಗಳನ್ನು ಅಂದು ಬಂಡೆಗಳ ಮೇಲೆ, ಪೊದೆಗಳ ಮೇಲೆ ಹರವಿ ಒಣಗಿಸಿದರು. ಗುಡ್ಡದ ಮೈ ಪೂರ್ತಿ ಕೆಂಪು, ಹಸಿರು, ಅರಿಸಿನ ಬಣ್ಣದ ತುಂಡುಗಳಿಂದ ಮುಚ್ಚಿಹೋಯಿತು. ಕೆಳಗಿನ ಬಂಡಿದಾರಿಯಲ್ಲಿ ಹೋಗುತ್ತಿದ್ದ ಪರ ಊರಿನವರು ಎತ್ತು ನಿಲ್ಲಿಸಿ, ಇದ್ಯಾವ ಕೌದಿಗುಡ್ಡವಪ್ಪಾ ಎಂದು ಕೇಳಿದರಂತೆ. ಹೆಸರು ಅಲ್ಲಿಂದ ನಿಂತಿತು. ಮುಳ್ಳಿಗೆ ಹರಿದ ಊರಿನ ಕೌದಿಗಳಿಗೆಲ್ಲ ರಾಚಮ್ಮ ಆ ಬೇಸಿಗೆಯಿಡೀ ತೇಪೆ ಹಾಕಿದಳು, ಪುತಳಿ ದಾರ ಪೋಣಿಸಿ ಕೊಟ್ಟಳು.

ಈಗಲೂ ಸಂಕ್ರಾಂತಿಯ ಬೆಳಗ್ಗೆ ಹುಲಸಗೇರಿಯ ಹೆಂಗಸರು ಮನೆಯ ಕೌದಿಯನ್ನು ತಂದು ಗುಡ್ಡದ ಬಂಡೆಗಳ ಮೇಲೆ ಹರವುತ್ತಾರೆ. ಬಿಸಿಲು ತಾಕಿದ ಮೇಲೆ ಹೊದಿಕೆ ಇಲ್ಲದೆ ಬಂದವರ ಹೆಗಲಿಗೆ ಹಾಕುತ್ತಾರೆ. ಈಚಿನ ಕೆಲವು ವರ್ಷ ಚಳಿಯೇ ತಡವಾಗಿ ಬರುತ್ತಿದೆ, ಮಾರ್ಗಶಿರದಲ್ಲಿ ಮೋಡ ಕವಿದು ಹಣ್ಣಿಗೆ ಹುಳ ಬೀಳುವುದೂ ಉಂಟು. ಅಂಥ ವರ್ಷ ಪೇಟೆಯ ಹಣ್ಣು ತರುವುದಿಲ್ಲ, ಮಕ್ಕಳ ತಲೆಗೆ ಸುರಿಯುವುದನ್ನು ರಥಸಪ್ತಮಿಯ ತನಕ ಮುಂದೂಡಿ ಕಾಯುತ್ತಾರೆ. ನೆತ್ತಿಯ ಅಂಚಿನ ಗಿಡ, ಅದರ ಬೇರಿನಿಂದಲೇ ಮತ್ತೆ ಮತ್ತೆ ಚಿಗುರಿದ್ದು ಎನ್ನುತ್ತಾರೆ, ಗಾಳಿಗೆ ಒಂದು ಕಡೆ ಬಾಗಿ ಇಂದಿಗೂ ನಿಂತಿದೆ. ಅದಕ್ಕೆ ಕಟ್ಟೆಯಿಲ್ಲ, ಬೇಲಿಯಿಲ್ಲ. ಬೇರೆ ಕ್ಷೇತ್ರಗಳ ಮರಗಳಿಗೆ ಕಟ್ಟುವಂತೆ ಬಟ್ಟೆಯ ಚೂರನ್ನೂ ಯಾರೂ ಕಟ್ಟುವುದಿಲ್ಲ. ತಿಳಿಯದ ಭಕ್ತರು ಒಮ್ಮೊಮ್ಮೆ ಅದು ನಡುಗುವುದನ್ನು ಕಂಡು ಮರುಕದಿಂದ ತಮ್ಮ ಶಾಲು ತೆಗೆದು ಅದಕ್ಕೆ ಹೊದಿಸಹೋಗುತ್ತಾರೆ. ಆಗ ಘಾಳೆಪ್ಪ ಮುತ್ಯಾ ಕೂತಲ್ಲಿಂದಲೇ ಕೋಲೆತ್ತಿ ಹೇಳುತ್ತಾರೆ: "ಅದಕ್ಕ ಚಳಿ ಬೇಕು, ತಂಗಿ. ಹೊದ್ಕೊಳ್ಳೋದು ನೀವು."