ಔಷಧಿ ಅರೆಯುವ ಆಳು

"ಗುರುಗಳೇ, ಫೋನಿನಲ್ಲಿ ಕಂಪನಿ ಹಾಕಿಕೊಟ್ಟ ಆಪರೇಟಿಂಗ್ ಸಿಸ್ಟಂ ಕಿತ್ತು, ನಮ್ಮ ಸುದ್ದಿಯನ್ನು ಯಾರಿಗೂ ಮುಟ್ಟಿಸದ ಬೇರೊಂದನ್ನು ಹಾಕಿಕೋ ಎನ್ನುತ್ತಾರೆ ಗೆಳೆಯರು. ಹಾಕಿಕೊಂಡರೆ ಬ್ಯಾಂಕಿನ ಆ್ಯಪ್ ಮೊಂಡು ಹಿಡಿಯುತ್ತದೆ, ಮ್ಯಾಪು ದಾರಿ ತಪ್ಪುತ್ತದೆ, ಅರ್ಧ ಕೆಲಸ ನಾನೇ ಮಾಡಿಕೊಳ್ಳಬೇಕು. ಬಚ್ಚಿಡುವಂಥದ್ದು ನನ್ನಲ್ಲಿ ಏನಿದೆ? ಈ ತಾಪತ್ರಯ ಯಾಕೆ?" ಎಂದು ಶಂಭುಲಿಂಗ ಕೇಳಿದ.

ಗುರುಗಳ ಮುಖ ಬಿಗಿಯಿತು. "ಬಚ್ಚಿಡುವಂಥದ್ದೇನಿದೆ ಎನ್ನುವ ಮಾತನ್ನು ನನ್ನೆದುರು ಇನ್ನೊಮ್ಮೆ ಆಡಬೇಡ. ಕೂತು ಕೇಳು," ಎಂದರು.

ಒಂದು ಪೇಟೆಯಲ್ಲಿ ಒಬ್ಬ ವೈದ್ಯನಿದ್ದ. ಕೈಗುಣ ಇದ್ದವನು. ಅಲ್ಲಿನ ಸಾಹುಕಾರ ಅವನಿಗೆ ಒಬ್ಬ ಆಳನ್ನು ಕಳಿಸಿದ. ಸಂಬಳ ಬೇಡ, ಊಟವೂ ಬೇಡ. ಮೊದಲ ದಿನ ಆಳು ಕೈಕಟ್ಟಿ ನಿಂತು, "ಸ್ವಾಮಿ, ಇಲ್ಲಿ ಕಂಡದ್ದು ಕೇಳಿದ್ದು ಧಣಿಗಳಿಗೆ ಹೇಳಬಹುದೇ?" ಎಂದ. ವೈದ್ಯ ಬೇರು ಅರೆಯುತ್ತಿದ್ದ. ತಲೆ ಎತ್ತದೆ "ಹೂಂ" ಎಂದ.

ವೈದ್ಯನ ಹೆಂಡತಿಗೆ ಇದು ಸರಿಬರಲಿಲ್ಲ. "ಕೂಲಿ ಕೇಳದ ಆಳು ಯಾರ ಅನ್ನ ಉಣ್ಣುತ್ತಾನೆ, ವಿಚಾರಿಸಿದಿರಾ?"

"ನಮ್ಮಲ್ಲಿ ಮುಚ್ಚಿಡುವುದೇನಿದೆಯೇ? ನಿನ್ನ ಸಾರಿಗೆ ಉಪ್ಪು ಕಡಿಮೆ ಅಂತ ಸಾಹುಕಾರನಿಗೆ ಗೊತ್ತಾದರೆ ಆಗಲಿ ಬಿಡು."

ಆಳು ಬಲು ಚುರುಕು. ವೈದ್ಯ ಬಾಯಿ ತೆರೆಯುವ ಮೊದಲೇ ಕಷಾಯ ಕುದಿಯುತ್ತಿತ್ತು. ವರ್ಷ ಕಳೆಯುವುದರೊಳಗೆ ವೈದ್ಯನಿಗೆ ಅರೆಯುವ ಕಲ್ಲು ಮುಟ್ಟಿದ ನೆನಪೂ ಇರಲಿಲ್ಲ.

ವೈದ್ಯನದೊಂದು ಕಟ್ಟುನಿಟ್ಟಿತ್ತು. ನಾಡಿ ಹಿಡಿಯುವ ಮುನ್ನ ರೋಗಿಯ ಕಡೆಯವರನ್ನೆಲ್ಲ ಹೊರಗೆ ಕಳಿಸಿ ಬಾಗಿಲು ಹಾಕುತ್ತಿದ್ದ. ಹೆತ್ತ ತಾಯಿಯಾದರೂ ಸರಿ, ಜಗಲಿಯಲ್ಲೇ ಕೂರಬೇಕು. ಆಳು ಮಾತ್ರ ಒಳಗೆ ಮೂಲೆಯಲ್ಲಿ ಅರೆಯುತ್ತಲೇ ಇರುತ್ತಿದ್ದ. ಅರೆಯುವ ಕಲ್ಲನ್ನು ಯಾರಾದರೂ ಹೊರಗೆ ಕಳಿಸುತ್ತಾರೆಯೇ?

ಒಂದು ದಿನ ಅಕ್ಕಸಾಲಿಗನೊಬ್ಬ ಬಂದ. ಬಾಗಿಲು ಹಾಕಿದ ಮೇಲೆ ಬಲಗೈ ಚಾಚಿದ. ಬೆರಳುಗಳು ನಡುಗುತ್ತಿದ್ದವು.

"ತಿಂಗಳಲ್ಲಿ ನಿಲ್ಲುತ್ತದೆ. ಹೆದರಬೇಡ," ಎಂದ ವೈದ್ಯ.

"ಹೆದರಿಕೆ ರೋಗದ್ದಲ್ಲ ಸ್ವಾಮಿ. ನಡುಗುವ ಕೈಗೆ ಚಿನ್ನ ಯಾರು ಕೊಡುತ್ತಾರೆ? ಈ ಮಾತು ನಿಮ್ಮ ಹೊಟ್ಟೆಯಲ್ಲೇ ಇರಲಿ."

ವೈದ್ಯ ಎದೆ ಮುಟ್ಟಿಕೊಂಡು ಮಾತು ಕೊಟ್ಟ. ಹೆಂಡತಿಗೂ ಹೇಳಲಿಲ್ಲ.

ಮೂರನೆಯ ದಿನಕ್ಕೆ ಪೇಟೆಗೆ ಪೇಟೆಯೇ ಆಡಿಕೊಳ್ಳುತ್ತಿತ್ತು. ಆಳು ಸಾಹುಕಾರನಿಗೆ ಹೇಳಿದ್ದ. ಸಾಹುಕಾರ ಆ ಸುದ್ದಿಯನ್ನು ಎದುರಂಗಡಿಯ ಅಕ್ಕಸಾಲಿಗನಿಗೆ ಮಾರಿದ್ದ. ತಾಳಿ ಮಾಡಲು ಕೊಟ್ಟವರು ಚಿನ್ನವನ್ನು ವಾಪಸು ಒಯ್ದರು.

ತಿಂಗಳಾದ ಮೇಲೆ ಅಕ್ಕಸಾಲಿಗ ಬಂದು ಮತ್ತೆ ಕೈ ಚಾಚಿದ. ಒಂದು ಬೆರಳೂ ಅಲುಗಲಿಲ್ಲ. "ಕೈ ಗುಣವಾಗಿದೆ. ಅಗ್ಗಿಷ್ಟಿಕೆ ಆರಿದೆ. ನಾಳೆಯಿಂದ ಇಟ್ಟಿಗೆ ಹೊರಲು ಹೋಗುತ್ತೇನೆ. ನಿಮ್ಮ ಔಷಧಿ ಅದಕ್ಕೆ ಉಪಯೋಗಕ್ಕೆ ಬಂತು," ಎಂದು ಹೇಳಿ, ನಮಸ್ಕಾರ ಮಾಡದೆ ಹೋದ.

ವೈದ್ಯನ ಮೈ ಉರಿದುಹೋಯಿತು. ಆಳಿನ ರಟ್ಟೆ ಹಿಡಿದೆಬ್ಬಿಸಿ, "ಯಾರನ್ನು ಕೇಳಿ ಹೇಳಿದೆ?" ಎಂದ.

ಆಳಿನ ಮುಖದಲ್ಲಿ ಒಂದು ಗೆರೆಯೂ ಕದಲಲಿಲ್ಲ. "ನಿಮ್ಮನ್ನೇ ಕೇಳಿದ್ದೆ. ಹೂಂ ಅಂದಿರಿ."

ವೈದ್ಯ ಅವನನ್ನು ಹೊರಗೆ ನೂಕಿ ತಾನೇ ಕಲ್ಲಿನ ಮುಂದೆ ಕೂತ. ಅಂಗೈಯಲ್ಲಿ ಬೊಬ್ಬೆ ಎದ್ದವು. ಔಷಧಿ ತಡವಾಯಿತು. "ಸುಖವಾಗಿದ್ದವನಿಗೆ ಇದೆಂಥ ಹುಚ್ಚು" ಎಂದು ಜಗಲಿಯಲ್ಲಿ ಕಾದವರು ನಕ್ಕರು. ವೈದ್ಯ ಅರೆಯುವುದನ್ನು ಬಿಡಲಿಲ್ಲ. ಆದರೆ ಅವನು ಎಷ್ಟು ಅರೆದರೂ ಆ ಅಕ್ಕಸಾಲಿಗನ ಕೈಗೆ ಯಾರೂ ಮತ್ತೆ ಚಿನ್ನ ಕೊಡಲಿಲ್ಲ.

ಗುರುಗಳು ಕತೆ ನಿಲ್ಲಿಸಿದರು. ಶಂಭುಲಿಂಗ, "ಆದರೂ ಗುರುಗಳೇ, ವೈದ್ಯನದೇನೂ ಹೋಗಲಿಲ್ಲವಲ್ಲ," ಎಂದ.

"ಹೋಗಲಿಲ್ಲ. ಈಗ ಹೇಳು, ಕಂಪನಿಗೆ ಹೂಂ ಎನ್ನುವ ಮುನ್ನ ನಿನ್ನ ಫೋನಿನಲ್ಲಿರುವ ಹೆಸರುಗಳಲ್ಲಿ ನಿನ್ನದೊಂದನ್ನು ಬಿಟ್ಟು ಇನ್ನು ಯಾರ ಒಪ್ಪಿಗೆ ಕೇಳಿದ್ದೀಯ?"