ತಿರುಗಿ ಬಂದ ಐದು ಲೀಟರ್

ಶಿಷ್ಯನೊಬ್ಬ ಗುರುಗಳನ್ನು ಕೇಳಿದ: "ಕದ್ದದ್ದನ್ನು ಯಾರಿಗೂ ತಿಳಿಯದಂತೆ ಅಲ್ಲಿಯೇ ಇಟ್ಟುಬಿಟ್ಟರೆ ತಪ್ಪು ತೀರಿತಲ್ಲವೇ?"

ಗುರುಗಳು ಈ ಕತೆ ಹೇಳಿದರು.

ಸಕ್ಕರೆ ಕಾರ್ಖಾನೆಯ ಮುಂದೆ ಕಬ್ಬಿನ ಟ್ರ್ಯಾಕ್ಟರುಗಳು ಸಾಲಾಗಿ ನಿಂತಿದ್ದವು. ಸರದಿ ಬರಲು ಎರಡು ಮೂರು ದಿನವಾದರೂ ಬೇಕು. ಆ ಸಾಲಿನಲ್ಲಿ ಯಾರೂ ಟ್ಯಾಂಕಿಗೆ ಬೀಗ ಹಾಕುತ್ತಿರಲಿಲ್ಲ. ಡೀಸೆಲ್ ತೀರಿದವನು ಕೇಳಿದರೆ ಪಕ್ಕದವನು ಮರುಮಾತಿಲ್ಲದೆ ಕೊಡುವುದು ಅಲ್ಲಿಯ ರೂಢಿ.

ಒಬ್ಬ ರೈತನ ಡೀಸೆಲ್ ತೀರಿತು. ಕಳೆದ ವಾರವೂ ಅವನು ಕೇಳಿ ಪಡೆದಿದ್ದ. ಮತ್ತೆ ಕೈಯೊಡ್ಡಲು ನಾಚಿಕೆ. ಬಂಕಿಗೆ ಹೋಗೋಣವೆಂದರೆ ದೂರ, ಅಷ್ಟರಲ್ಲಿ ಸಾಲು ಸರಿದರೆ ಏನು ಗತಿ? ಮಧ್ಯಾಹ್ನ ಎಲ್ಲರೂ ಮರದ ಕೆಳಗೆ ರೊಟ್ಟಿ ಬಿಚ್ಚಿದಾಗ, ಅವನು ಮುಂದಿನ ಟ್ರ್ಯಾಕ್ಟರಿನ ಟ್ಯಾಂಕಿಗೆ ಪೈಪು ಇಳಿಬಿಟ್ಟು ಬಾಯಿಂದ ಎಳೆದ. ಒಂದು ಗುಟುಕು ಗಂಟಲಿಗೆ ಹೋಯಿತು, ಐದು ಲೀಟರ್ ಕ್ಯಾನಿಗೆ ಬಂತು. ನಾಳೆ ತಿರುಗಿ ಹಾಕಿದರಾಯಿತು ಅಂದುಕೊಂಡ. ಮೊದಲ ಸಲ ಕದಿಯುವ ಒಳ್ಳೆಯವರೆಲ್ಲ ಹಾಗೆಯೇ ಅಂದುಕೊಳ್ಳುತ್ತಾರೆ.

ಸಂಜೆ ಸಾಲು ಸರಿಯಿತು. ಮುಂದಿನವನ ಟ್ರ್ಯಾಕ್ಟರ್ ನಾಲ್ಕು ಮಾರು ಹೋಗಿ ನಿಂತುಬಿಟ್ಟಿತು. ಪಾಪ, ಪಕ್ಕದವರು ಡೀಸೆಲ್ ಕೊಟ್ಟು ಅದು ಮತ್ತೆ ಚಾಲೂ ಆಗುವಷ್ಟರಲ್ಲಿ ಅವನ ಸರದಿ ತಪ್ಪಿತು, ಕಬ್ಬು ಮತ್ತೊಂದು ದಿನ ಒಣಗಿತು. ದಾರಿಹೋಕ ಕಳ್ಳನ ಕೆಲಸವೆಂದು ಎಲ್ಲರೂ ಬೈದರು. ರೈತನೂ ದನಿಗೂಡಿಸಿದ.

ಮರುದಿನ ಸಾಲು ಸರಿಯದ ಹೊತ್ತು ನೋಡಿ ಅವನು ಬಂಕಿನಿಂದ ಐದು ಲೀಟರ್ ತಂದು, ಯಾರೂ ಇಲ್ಲದಾಗ ಅದೇ ಟ್ಯಾಂಕಿಗೆ ಸುರಿದ. ಮನಸ್ಸು ಹಗುರವಾಯಿತು. ಆದರೆ ಮುಂದಿನವನು ಟ್ಯಾಂಕಿಗೆ ಕಡ್ಡಿ ಇಳಿಸಿ ನೋಡಿದ, ಡೀಸೆಲ್ ಏರಿತ್ತು. ಅವನ ಮುಖ ಬಾಡಿತು.

"ಹೊರಗಿನ ಕಳ್ಳ ಆಗಿದ್ರ ತಿರುಗಿ ಹಾಕತಿದ್ದಿಲ್ಲ," ಎಂದ. "ಇವ ನಮ್ಮ ಜೋಡಿ ಕುಂತು ರೊಟ್ಟಿ ತಿನ್ನಾವನ ಅದಾನ."

ಮರುದಿನದಿಂದ ಒಬ್ಬೊಬ್ಬರೂ ತಮ್ಮ ತಮ್ಮ ಟ್ರ್ಯಾಕ್ಟರಿನ ಬಳಿಯೇ ಉಂಡರು. ವಾರದೊಳಗೆ ಎಲ್ಲ ಟ್ಯಾಂಕಿಗೂ ಬೀಗ ಬಿತ್ತು. ಬೀಗವಿಲ್ಲದವನ ಮೇಲೆ ಅನುಮಾನ ಬಂದೀತೆಂದು ರೈತನೂ ಒಂದು ಕೊಂಡುತಂದ. ಈಗ ಅಲ್ಲಿ ಡೀಸೆಲ್ ತೀರಿದರೆ ಯಾರೂ ಯಾರನ್ನೂ ಕೇಳುವುದಿಲ್ಲ.

ಶಿಷ್ಯ ಮೆಲ್ಲನೆ ಕೇಳಿದ: "ಹಾಗಾದರೆ ಅವನು ತಿರುಗಿ ಕೊಡಲೇಬಾರದಿತ್ತೇ?"

ಗುರುಗಳು ಹೇಳಿದರು: "ಕೊಟ್ಟದ್ದು ಡೀಸೆಲ್ ಮಾತ್ರ ಮಗು, 'ನಾನೇ ತೆಗೆದೆ' ಎಂಬ ಮಾತನ್ನು ಅವನಿನ್ನೂ ಕೊಟ್ಟಿಲ್ಲ."